ನ್ಯಾಯಯುತ ಸಂಬಳ ಎಂದರೇನು? ಪೈಲಟ್‌ಗಳಿಂದ ಒಂದು ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲ್ ಅವರ 14 ನಿರ್ವಹಣಾ ತತ್ವಗಳನ್ನು ಓದುತ್ತೇವೆ. ಅವುಗಳಲ್ಲಿ ಒಂದು, ಸಿಬ್ಬಂದಿಯ ಸಂಭಾವನೆ ನೌಕರನಿಗೂ ಸಂಸ್ಥೆಗೂ ನ್ಯಾಯವಾಗಿರಬೇಕು ಎನ್ನುತ್ತದೆ. ಪರೀಕ್ಷೆಯಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಆದರೆ ಲಕ್ಷಗಟ್ಟಲೆ ಸಂಬಳ ಪಡೆಯುವ ಪೈಲಟ್‌ಗಳೂ ನ್ಯಾಯ ಕೇಳುತ್ತಾರೆ. ಯಾಕೆ? ಇದಕ್ಕೆ ನನಗೆ ಮೂರು ಉತ್ತರಗಳು ಕಾಣುತ್ತವೆ.

1. ಸಂಬಳ ಸಮಯಕ್ಕೆ ಸಿಗಬೇಕು

ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಈ ತರಬೇತಿ ಬಹಳ ದುಬಾರಿ. ಅನೇಕರು ಸಾಲ ಮಾಡಿಯೇ ಕಲಿಯುತ್ತಾರೆ. ಆದ್ದರಿಂದ ದೊಡ್ಡ ಸಂಬಳದ ಹಿಂದೆ ದೊಡ್ಡ ಕಂತೂ ಇರುತ್ತದೆ.

ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿತು. 2012ರಲ್ಲಿ ಅದರ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಸಿಗಲಿಲ್ಲ. ಎಂಜಿನಿಯರ್‌ಗಳೂ ಪೈಲಟ್‌ಗಳೂ ಕೆಲಸ ನಿಲ್ಲಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥೆಯ ಪರವಾನಗಿ ಅಮಾನತಾಯಿತು.

ಲೆಕ್ಕಶಾಸ್ತ್ರದಲ್ಲಿ ಬಾಕಿ ಸಂಬಳವನ್ನು ಖರ್ಚಿಗೆ ಕೂಡಿಸಿ, ಅಢಾವೆ ಪತ್ರಿಕೆಯ ಹೊಣೆಗಾರಿಕೆಯ ಬದಿಯಲ್ಲಿ ತೋರಿಸುತ್ತೇವೆ. ನಮಗೆ ಅದು ಒಂದು ಹೊಂದಾಣಿಕೆ. ನೌಕರನ ಮನೆಯಲ್ಲಿ ಅದು ಕಟ್ಟದೆ ಉಳಿದ ಬಾಡಿಗೆ, ಮಕ್ಕಳ ಫೀಸು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಕೂಲಿ ಎಷ್ಟೇ ದೊಡ್ಡದಿದ್ದರೂ ಈ ಮಾತಿಗೆ ವಿನಾಯಿತಿ ಇಲ್ಲ.

2. ವಿಶ್ರಾಂತಿಯೂ ಸಂಭಾವನೆಯ ಭಾಗ

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಜನ ಮೃತಪಟ್ಟರು. ಎಂಟು ಮಂದಿ ಮಾತ್ರ ಉಳಿದರು. ಗಲ್ಫ್‌ನಲ್ಲಿ ದುಡಿಯುವವರಿರುವ ನಮ್ಮ ಕರಾವಳಿಯ ಮನೆಗಳು ಆ ದಿನವನ್ನು ಮರೆತಿಲ್ಲ. ಕ್ಯಾಪ್ಟನ್ ಹಾರಾಟದ ವೇಳೆ ದೀರ್ಘಕಾಲ ನಿದ್ರಿಸಿದ್ದರು, ಎದ್ದ ಮೇಲಿನ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ತನಿಖಾ ವರದಿ ಹೇಳಿತು. ದೇಹ ನಿದ್ರೆ ಬೇಡುವ ರಾತ್ರಿಯ ಹೊತ್ತಿನ ಹಾರಾಟ ಅದು. ಹೆಚ್ಚು ಹಣ ಕೊಟ್ಟರೆ ನಿದ್ರೆ ದೂರವಾಗುವುದಿಲ್ಲ.

ನಂತರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಬಿಗಿಗೊಳಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಇಳಿಸುವಿಕೆಯ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಇವು 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಇದಕ್ಕೆ ತಕ್ಕಂತೆ ಪೈಲಟ್‌ಗಳ ಯೋಜನೆ ಆಗದೆ, ಆ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ವಿಮಾನಗಳನ್ನು ರದ್ದುಪಡಿಸಿತು. ಆಗ ಅದಕ್ಕೆ ತಾತ್ಕಾಲಿಕ ಸಡಿಲಿಕೆಯೂ ಸಿಕ್ಕಿತು. ನಾವು ಓದುವ ‘ಸಿಬ್ಬಂದಿ ನಿರ್ವಹಣೆ’ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

3. ಕಾಯುವುದೂ ಕೆಲಸವೇ

ಕೊಲ್ಲೂರಿಗೆ ಬರುವ ಗಣ್ಯರ ಹೆಲಿಕಾಪ್ಟರ್‌ಗಳು ಬೈಂದೂರು ತಾಲೂಕಿನ ಅರೆಶಿರೂರು ಹೆಲಿಪ್ಯಾಡ್‌ನಲ್ಲಿ ಇಳಿಯುತ್ತವೆ. ಗಣ್ಯರು ಮರಳುವವರೆಗೆ ಪೈಲಟ್ ಕಾಯಬೇಕು. ಕಂಪನಿಗಳ ಖಾಸಗಿ ವಿಮಾನ ಹಾರಿಸುವವರ ಬದುಕೂ ಹೀಗೆಯೇ. ವಿಮಾನಯಾನ ಸಂಸ್ಥೆಯ ಪೈಲಟ್‌ಗೆ ವೇಳಾಪಟ್ಟಿ ಇರುತ್ತದೆ. ಇವರಿಗೆ ಯಜಮಾನರ ಸಮಯವೇ ವೇಳಾಪಟ್ಟಿ. ಹಬ್ಬದ ದಿನ ಫೋನ್ ಬಂದರೂ ಹೊರಡಬೇಕು. ಹಾರಿದ ಗಂಟೆಗಳನ್ನು ಮಾತ್ರ ಎಣಿಸಿದರೆ ಅವರ ದಿನದ ಅರ್ಧ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಸಂಸ್ಥೆಗೆ ನ್ಯಾಯ ಎಲ್ಲಿ? ಇಂಧನ, ವಿಮಾನದ ಬಾಡಿಗೆ, ನಿರ್ವಹಣೆ ಎಲ್ಲವೂ ದುಬಾರಿ ಎಂಬುದು ನಿಜ. ಆದರೆ ಬಾಕಿ ಬೆಳೆದರೆ ಇಂಧನ ಕಂಪನಿ ಪೂರೈಕೆ ನಿಲ್ಲಿಸಬಹುದು. ನೌಕರ ತಿಂಗಳು ಪೂರ್ತಿ ದುಡಿದ ಮೇಲೆ ಕೈಚಾಚುತ್ತಾನೆ. ಅಂದರೆ ಅವನು ಸಂಸ್ಥೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಂತೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಸಂಸ್ಥೆಗೂ ಲಾಭವೇ.

ನಮ್ಮಲ್ಲಿ ಅನೇಕರು ಮುಂದೆ ಲೆಕ್ಕ ಬರೆಯುವವರು, ಅಂಗಡಿ ನಡೆಸುವವರು, ನಾಲ್ಕು ಜನರಿಗೆ ಸಂಬಳ ಕೊಡುವವರು. ಆಗ ಮೊತ್ತವನ್ನಷ್ಟೇ ನೋಡದೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಸಮಯಕ್ಕೆ ಕೊಟ್ಟೆವೇ? ವಿಶ್ರಾಂತಿ ಕೊಟ್ಟೆವೇ? ಕಾದ ಹೊತ್ತನ್ನು ಎಣಿಸಿದೆವೇ?