ನಮ್ಮ ಲೋಟದಲ್ಲಿ ಕೆಫೀನ್ ಎಷ್ಟಿದೆ?



ಸಂಘದ ಸಭೆ ಎಂದ ಮೇಲೆ ಕಾಫಿ ಇದ್ದೇ ಇರುತ್ತದೆ. ಉಳಿತಾಯದ ಪುಸ್ತಕ ತೆರೆಯುವ ಮೊದಲೇ ಲೋಟಗಳು ಬಂದಿರುತ್ತವೆ. ಕಾಫಿ ಬಿಡಿ ಎಂದು ಹೇಳಲು ನಾವು ಹೊರಟಿಲ್ಲ. ಆದರೆ ಅದರಲ್ಲಿರುವ ಕೆಫೀನ್‌ನ ಲೆಕ್ಕ ನಮಗೆ ಗೊತ್ತಿರಬೇಕು. ಬಸುರಿಯರಿಗೂ ರಕ್ತ ಕಡಿಮೆ ಇರುವವರಿಗೂ ಇದು ಬಹಳ ಮುಖ್ಯ.

ಕೆಫೀನ್ ಕಾಫಿ ಬೀಜದಲ್ಲಿ ಹುಟ್ಟಿನಿಂದಲೇ ಇರುವ ವಸ್ತು. ಚಹಾ ಎಲೆಯಲ್ಲೂ ಇದೆ. ಕುಡಿದ ಸ್ವಲ್ಪ ಹೊತ್ತಿಗೆ ನಿದ್ದೆ, ಸುಸ್ತು ಹೋದ ಹಾಗೆ ಅನಿಸುತ್ತದೆ. ಸುಸ್ತು ಒಳಗೇ ಇರುತ್ತದೆ, ನಮಗೆ ಗೊತ್ತಾಗೋದಿಲ್ಲ ಅಷ್ಟೆ. ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ. ಒಳಗೆ ಹೋದದ್ದರಲ್ಲಿ ಅರ್ಧ ಕಡಿಮೆಯಾಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದರೆ ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ.

ಪೇಟೆಯ ಕೆಫೆಗಳಲ್ಲಿ ಎಸ್‌ಪ್ರೆಸೊ ಎಂಬುದು ಸಿಗುತ್ತದೆ. ಇದು ಇಟಲಿಯ ಪದ್ಧತಿ. ನುಣ್ಣನೆಯ ಕಾಫಿ ಪುಡಿಯ ಮೂಲಕ ಬಿಸಿನೀರನ್ನು ಯಂತ್ರದ ಒತ್ತಡದಿಂದ ಅರ್ಧ ನಿಮಿಷದೊಳಗೆ ಹಾಯಿಸುತ್ತಾರೆ. ಬರುವುದು 30 ಮಿಲಿ, ಅಂದರೆ ಎರಡು ಗುಟುಕು. ಕಪ್ಪಗೆ, ಕಹಿಯಾಗಿ ಇರುವುದರಿಂದ ಬಹಳ ಕೆಫೀನ್ ಇದೆ ಅನಿಸುತ್ತದೆ. ಇರುವುದು ಸುಮಾರು 60 ಮಿಲಿಗ್ರಾಂ. ವಿದೇಶದ 240 ಮಿಲಿ ಸೋಸಿದ ಕಾಫಿಯಲ್ಲಿ ಸುಮಾರು 95 ಇದೆ. ಗುಟುಕಿಗೆ ಲೆಕ್ಕ ಹಾಕಿದರೆ ಎಸ್‌ಪ್ರೆಸೊ ಮುಂದೆ, ಕಪ್ಪಿಗೆ ಲೆಕ್ಕ ಹಾಕಿದರೆ ಹಿಂದೆ! ಕ್ಯಾಪುಚಿನೊ, ಲಾಟೆ ಅಂದರೆ ಇದೇ ಎಸ್‌ಪ್ರೆಸೊಗೆ ನೊರೆಹಾಲು ಸೇರಿಸಿದ್ದು. ಹಾಲು, ಬೆಲ್ಲ, ಸಕ್ಕರೆ ಯಾವುದೂ ಕೆಫೀನನ್ನು ಕೊಲ್ಲುವುದಿಲ್ಲ. (ಮದುವೆ ಮನೆಗಳಲ್ಲಿ ಬುಸ್ ಎಂದು ಹಬೆ ಬಿಟ್ಟು ಕೊಡುತ್ತಿದ್ದ ‘ಎಸ್‌ಪ್ರೆಸೊ’ ಸಾಮಾನ್ಯವಾಗಿ ಇನ್‌ಸ್ಟಂಟ್ ಪುಡಿಯ ನೊರೆಕಾಫಿ. ಹೆಸರು ಮಾತ್ರ ಒಂದೇ.)

ಇನ್ನು ನಮ್ಮ ಮನೆಯ ಲೋಟ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 150 ಮಿಲಿ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಕೆಫೀನ್ ಇರುತ್ತದೆ. ದಿನಕ್ಕೆ 300 ದಾಟಬಾರದು. ಫಿಲ್ಟರ್ ಕಾಫಿ ಮೂರು ಲೋಟಕ್ಕೆ ಲೆಕ್ಕ ಮುಗಿಯಿತು.

ಪುಡಿ ಯಾವುದು ಎಂಬುದೂ ನೋಡಬೇಕು. ಅರೇಬಿಕಾಕ್ಕಿಂತ ರೋಬಸ್ಟಾ ಬೀಜದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ತೋಟದಲ್ಲಿ ಎರಡನ್ನೂ ಕೊಯ್ಯುವ ನಮ್ಮ ಎಷ್ಟೋ ಮಂದಿಗೆ ಇದನ್ನು ಯಾರೂ ಹೇಳಿಲ್ಲ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ ಗಾಢವಾದ ಮಾತ್ರಕ್ಕೆ ಕೆಫೀನ್ ಹೆಚ್ಚಿದೆ ಎಂದು ತಿಳಿಯಬೇಡಿ. ಚಿಕೋರಿ ನೂರಕ್ಕೆ ಎಷ್ಟು ಎಂದು ಪೊಟ್ಟಣದ ಮೇಲೆ ಬರೆದಿರಬೇಕು, ಓದಿ ಕೊಳ್ಳಿ.

ಬಸುರಿಯರ ದೇಹದಿಂದ ಕೆಫೀನ್ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅದು ಮಗುವಿಗೂ ತಲುಪುತ್ತದೆ, ಮಗುವಿಗೆ ಅದನ್ನು ಕರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ದಿನಕ್ಕೆ 300 ದಾಟುವವರು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಗರ್ಭ ನಷ್ಟ, ಮಗುವಿನ ತೂಕ ಕಡಿಮೆಯಾಗುವ ಭಯ ಅದಕ್ಕೆ ಕಾರಣ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಬಸುರಿಯರಿಗೂ ಹಾಲುಣಿಸುವ ತಾಯಂದಿರಿಗೂ 200ರ ಮಿತಿ ಹಾಕಿದೆ. ನಮ್ಮ ಮಟ್ಟಿಗೆ 200ರೊಳಗೆ ಇರುವುದೇ ಕ್ಷೇಮ. ಚಿಕ್ಕ ಲೋಟದಲ್ಲಿ ಒಂದೂವರೆ ಸಾಕು.

ಮತ್ತೊಂದು ಸಂಗತಿ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆ ನುಂಗುವವರಿದ್ದಾರೆ. ಕಾಫಿ, ಚಹಾದಲ್ಲಿರುವ ಒಗರಿನ ಅಂಶ (ಇದು ಕೆಫೀನ್ ಅಲ್ಲ) ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಊಟಕ್ಕೂ ಮಾತ್ರೆಗೂ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಬೇಡ. ಮಾತ್ರೆಗೆ ನೀರು, ಇಲ್ಲವೇ ನಿಂಬೆ ಪಾನಕ ಒಳ್ಳೆಯದು.

ಮುಂದಿನ ಸಭೆಯಲ್ಲಿ ಮಾಡಿ ನೋಡಿ: ಒಂದು ಲೀಟರ್ ಬಾಟಲಿಯ ನೀರನ್ನು ನಿಮ್ಮ ಕಾಫಿ ಲೋಟಕ್ಕೆ ತುಂಬಿಸುತ್ತಾ ಹೋಗಿ. ಆರೂವರೆ ಲೋಟ ಬಂದರೆ ಲೋಟ ಸುಮಾರು 150 ಮಿಲಿ. ಐದೇ ಬಂದರೆ 200 ಮಿಲಿ. ದಿನಕ್ಕೆ ಎಷ್ಟು ಲೋಟ ಎಂದು ಪ್ರತಿಯೊಬ್ಬರೂ ಹೇಳಿ, ಬರೆಯಲು ಬರುವವರು ಲೆಕ್ಕ ಹಾಕಿ ಕೊಡಿ.