ಹಗೇವು: ತುಂಬುವ ಕ್ರಮವೂ ತೆರೆಯುವ ಎಚ್ಚರಿಕೆಯೂ

ಮಳೆಯನ್ನು ನೆಚ್ಚಲಾಗದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಲವು ವರ್ಷ ಕೆಡದೆ ನಿಲ್ಲುವ ರಾಗಿಯೇ ರೈತನ ಆಪದ್ಧನವು. 1876–78ರ ಕ್ಷಾಮವನ್ನು ಕಂಡ ಈ ಸೀಮೆಯ ಹಿರಿಯರು ಅದನ್ನು ಹಗೇವಿನಲ್ಲಿ ಕೂಡಿಡುತ್ತಿದ್ದರು. ಈಗ ಆ ಕೆಲಸವನ್ನು ಬಲ್ಲವರು ವಿರಳರಾದುದರಿಂದ, ಕಲಿಯಲಿಚ್ಛಿಸುವವರು ಈ ಅಂಶಗಳನ್ನು ಗಮನಿಸತಕ್ಕದ್ದು.

1. ಸ್ಥಳ: ನೀರು ನಿಲ್ಲದ ಎತ್ತರದ ಗಟ್ಟಿ ಕೆಂಪು ನೆಲವು ಉತ್ತಮ. ಎರೆಭೂಮಿಯು ತೇವವನ್ನು ಹಿಡಿದು, ಒಣಗಿದಾಗ ಬಿರಿಯುವುದರಿಂದ ಯೋಗ್ಯವಲ್ಲ.

2. ತುಂಬುವುದು: ಬಾಯಿಯು ಒಬ್ಬನು ಇಳಿಯುವಷ್ಟು ಕಿರಿದಾಗಿಯೂ ಒಡಲು ಅಗಲವಾಗಿಯೂ ಇರಬೇಕು. ತಳಕ್ಕೂ ಪಕ್ಕಗಳಿಗೂ ಒಣಹುಲ್ಲನ್ನು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಮೇಲೆ ಹುಲ್ಲನ್ನು ಹೊದಿಸಿ, ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಬೇಕು.

3. ತೆರೆಯುವುದು: ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕವು ತೀರಿ ಇಂಗಾಲಾಮ್ಲ ವಾಯುವು ತುಂಬುವುದು. ಹುಳುವನ್ನು ಕೊಲ್ಲುವ ಈ ವಾಯುವೇ ಇಳಿದವನನ್ನೂ ಕೊಲ್ಲಬಲ್ಲದು. ಆದುದರಿಂದ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗದಿಂದ ದೀಪವನ್ನು ಇಳಿಬಿಟ್ಟು ನೋಡಬೇಕು. ಆರಿದರೆ ಯಾರೂ ಇಳಿಯಕೂಡದು. ಉರಿದರೂ ಅಷ್ಟರಿಂದಲೇ ನಿರ್ಭಯವೆಂದೆಣಿಸಲಾಗದು. ಇಳಿಯುವವನ ಮೈಗೆ ಹಗ್ಗವನ್ನು ಕಟ್ಟಿ, ಇಬ್ಬರಾದರೂ ಮೇಲೆ ಹಿಡಿದು ನಿಂತಿರಬೇಕು. ಮೂರ್ಛೆ ಹೋದವನನ್ನು ಹಗ್ಗದಿಂದಲೇ ಎಳೆಯಬೇಕಲ್ಲದೆ, ಎತ್ತುವೆನೆಂದು ಮತ್ತೊಬ್ಬನು ಧುಮುಕಿದರೆ ಎರಡು ಪ್ರಾಣಗಳು ಹೋಗುವುವು.

ಊರಿನ ಮುಖಂಡರು ಈ ಕೊನೆಯ ಮಾತನ್ನು ಎಲ್ಲರಿಗೂ ಮನದಟ್ಟು ಮಾಡಿಸುವುದು ಅತ್ಯವಶ್ಯಕವು.