ಅಜ್ಞಾತ ಶಬ್ದ ಮತ್ತು ಅದರ ಕಾರಣಶೋಧನೆ

ಶಬ್ದವು ಕಿವಿಯನ್ನು ಸೇರುವ ಬಗೆಯನ್ನು ನಮ್ಮ ಪ್ರಾಚೀನ ತಾರ್ಕಿಕರು ಎರಡು ಉಪಮಾನಗಳಿಂದ ನಿರೂಪಿಸಿರುವರು. ಕೆರೆಗೆ ಕಲ್ಲೆಸೆದಾಗ ಅಲೆಯಿಂದ ಅಲೆ ಹುಟ್ಟಿ ದಡ ಮುಟ್ಟುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಹೂವು ಏಕಕಾಲಕ್ಕೆ ಎಲ್ಲ ದಿಕ್ಕಿಗೂ ಅರಳುವಂತೆ ಎಂಬುದು ಕದಂಬಗೋಲಕ ನ್ಯಾಯ. ಇವೆರಡೂ ಶಬ್ದದ ಸಂಚಾರವನ್ನು ತಿಳಿಸುತ್ತವೆಯೇ ಹೊರತು ಅದರ ಮೂಲವನ್ನಲ್ಲ. ಮೂಲವು ಕಣ್ಣಿಗೆ ಕಾಣದಿದ್ದಾಗ ಅನುಮಾನ ಪ್ರಮಾಣವನ್ನೇ ಆಶ್ರಯಿಸಬೇಕು.

ಕಾರ್ಯದಿಂದ ಕಾರಣವನ್ನು ತಿಳಿಯುವ ಅನುಮಾನಕ್ಕೆ ನ್ಯಾಯಶಾಸ್ತ್ರದಲ್ಲಿ ಶೇಷವತ್ ಎಂದು ಹೆಸರು. ತುಂಬಿದ ಹೊಳೆಯನ್ನು ಕಂಡು ಮೇಲುಭಾಗದಲ್ಲಿ ಮಳೆಯಾಗಿದೆಯೆಂದು ನಿಶ್ಚಯಿಸುವುದು ಅದರ ಪ್ರಸಿದ್ಧ ನಿದರ್ಶನ. ಪ್ರವಾಹಕ್ಕೆ ಅಡ್ಡಿಯಾದಾಗಲೂ ನೀರು ಏರುವುದಲ್ಲವೇ ಎಂಬ ಆಕ್ಷೇಪವನ್ನು ಆ ಶಾಸ್ತ್ರವೇ ಎತ್ತಿದೆ. ಸುರಪುರ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಊರಿನಲ್ಲಿ ಹನಿ ಮಳೆಯಿಲ್ಲದಿದ್ದರೂ ಕೃಷ್ಣೆ ಉಕ್ಕುತ್ತಾಳೆ. ನೊರೆ, ಎಲೆ, ಕಟ್ಟಿಗೆಗಳನ್ನು ಹೊತ್ತು ವೇಗದಿಂದ ಬರುವ ಪ್ರವಾಹವೇ ಮಳೆಯ ಗುರುತೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸಮಾಧಾನ ಹೇಳುತ್ತಾನೆ. ಕಾರ್ಯವೊಂದನ್ನೇ ನೋಡದೆ ಅದರ ವಿಶೇಷ ಲಕ್ಷಣವನ್ನು ಹುಡುಕಬೇಕೆಂಬುದು ಇದರ ತಾತ್ಪರ್ಯ. ಇಂದಿನ ವಿಜ್ಞಾನಿಗಳ ದಾರಿಯೂ ಇದೇ.

2020ರ ಮೇ 20ರಂದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬೆಂಗಳೂರಿನಲ್ಲಿ ಭಾರಿ ಸದ್ದೊಂದು ಕೇಳಿಬಂದಿತು. ಕಿಟಕಿಗಳು ಅದುರಿದವು, ಭೂಕಂಪವೆಂಬ ಸುದ್ದಿ ಹಬ್ಬಿತು. ಆದರೆ ಭೂಕಂಪನ ಮಾಪಕಗಳಲ್ಲಿ ಕಂಪನದ ಗುರುತಿಲ್ಲವೆಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತಿಳಿಸಿತು. ಹೀಗೆ ಒಂದು ಕಾರಣ ನಿರಸನಗೊಂಡಿತು. ಅಂದೇ ರಕ್ಷಣಾ ಇಲಾಖೆಯಿಂದ ವಿವರಣೆ ಬಂದಿತು. ಪರೀಕ್ಷಾರ್ಥವಾಗಿ ಹಾರುತ್ತಿದ್ದ ವಾಯುಪಡೆಯ ವಿಮಾನವೊಂದು 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳವೇಗಕ್ಕೆ ಇಳಿಯುವಾಗ ಈ ಸದ್ದು ಕೇಳಿಸಿರಬಹುದು. ವಿಮಾನವು 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಅದು ಕೇಳಿಸಬಲ್ಲದು. ವಿಮಾನವು ಶಬ್ದವನ್ನು ಮೀರಿ ಓಡಿದಾಗ ಅಲೆಗಳು ಮುಂದೆ ಹರಡಲಾರದೆ ಒಂದರ ಮೇಲೊಂದು ಒತ್ತರಿಸಿ, ಒಂದೇ ಆಘಾತವಾಗಿ ನೆಲವನ್ನು ಮುಟ್ಟುತ್ತವೆ.

ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿಯ ಜನ ವರ್ಷಗಳಿಂದ ನೆಲದೊಳಗಿನ ಸದ್ದನ್ನು ಕೇಳುತ್ತಿದ್ದರು. 2021ರ ಅಕ್ಟೋಬರಿನಲ್ಲಿ ನೆಲವು ಮತ್ತೆ ಮತ್ತೆ ಕಂಪಿಸಿತು. 11ರ ರಾತ್ರಿಯ ಕಂಪನದ ತೀವ್ರತೆ ಸುಮಾರು 4. ಮನೆಯೊಳಗೆ ಮಲಗಲು ಅಂಜಿ ಅನೇಕರು ಬಯಲಿನಲ್ಲಿ ರಾತ್ರಿ ಕಳೆದರು. ಕೆಲವರು ಊರನ್ನೇ ಬಿಟ್ಟರು. ಹೆಚ್ಚು ಆಳವಲ್ಲದ ಕಂಪನದ ಅಲೆಗಳು ಮೇಲೆ ಬಂದಾಗ ನೆಲವೇ ಹಲಗೆಯ ಚರ್ಮದಂತೆ ಮಿಡಿದು ಗಾಳಿಯಲ್ಲಿ ಶಬ್ದವನ್ನು ಹುಟ್ಟಿಸುತ್ತದೆ. ಹಳ್ಳಿಗರು ಕೇಳಿದ್ದು ಭ್ರಮೆಯಾಗಿರಲಿಲ್ಲ.

ಇಂಥ ಮಾತನ್ನು ಅಲಕ್ಷಿಸಬಾರದೆಂಬುದಕ್ಕೆ ಕಿಲ್ಲಾರಿಯೇ ಸಾಕ್ಷಿ. ಅಲ್ಲಿ 1992ರಿಂದಲೇ ಸಣ್ಣ ಕಂಪನಗಳಾಗಿದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿದ ಭೂಕಂಪದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಮಡಿದರು. ಕಲ್ಲುಮಣ್ಣಿನ ದಪ್ಪ ಗೋಡೆಗಳೇ ಮಲಗಿದ್ದವರ ಮೇಲೆ ಕುಸಿದವು. ಪ್ರತಿಯೊಂದು ಸಣ್ಣ ಕಂಪನದ ಹಿಂದೆಯೂ ಮಹಾಕಂಪನ ಬರುವುದಿಲ್ಲ. ಬರುವುದೋ ಇಲ್ಲವೋ ಎಂದು ಮುಂಚಿತವಾಗಿ ಹೇಳುವ ಸಾಧನವೂ ಇಲ್ಲ. ಆದುದರಿಂದ ಭಯಪಡುವುದಕ್ಕಿಂತ ಮನೆಯ ಗೋಡೆಯನ್ನು ಭದ್ರಪಡಿಸುವುದು ಲೇಸು.

ಯಾದಗಿರಿ, ಶಹಾಪುರ, ಸುರಪುರಗಳು ಕಲ್ಲುಬೆಟ್ಟಗಳ ಊರುಗಳು. ಇಲ್ಲಿಯ ಶಾಲೆಗಳಲ್ಲಿ ಈ ಪಾಠವನ್ನು ಉಪಕರಣಗಳಿಲ್ಲದೆಯೂ ಕಲಿಸಬಹುದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಗಟ್ಟಿ ಬಂಡೆಯಲ್ಲಿ ಕಂಪನವು ಸುಮಾರು 5 ಕಿಲೋಮೀಟರ್ ಸಾಗುತ್ತದೆ. ಮೂರೂವರೆ ಕಿಲೋಮೀಟರ್ ದೂರದಲ್ಲಿ ಬಂಡೆ ಸಿಡಿಸಿದರೆ ನಡುಕವು ಒಂದು ಸೆಕೆಂಡಿನೊಳಗೆ ಕಾಲಿಗೆ ತಿಳಿಯಬಹುದು; ಸದ್ದು ಕಿವಿಗೆ ಮುಟ್ಟಲು ಹತ್ತು ಸೆಕೆಂಡು ಬೇಕು. ಅಪರಿಚಿತ ಸದ್ದು ಕೇಳಿದ ಗಳಿಗೆ, ಬಂದ ದಿಕ್ಕು, ನಡುಕ ಮೊದಲೋ ಸದ್ದು ಮೊದಲೋ ಎಂಬುದನ್ನು ವಿದ್ಯಾರ್ಥಿಗಳು ಬರೆದಿಡಲಿ. ಬೇರೆ ಬೇರೆ ಊರಿನವರು ತಮ್ಮ ಬರಹಗಳನ್ನು ಹೋಲಿಸಲಿ. ಅನುಮಾನ ಉಳಿದರೆ ತಹಶೀಲ್ದಾರರಿಗೆ ತಿಳಿಸಲಿ. ಕೇಳಿದವನನ್ನು ಹಾಸ್ಯ ಮಾಡದೆ, ಕೇಳಿದ್ದನ್ನು ಪರೀಕ್ಷಿಸದೆ ಸಾರದೆ ಇರುವುದನ್ನು ಕಲಿತ ಮಕ್ಕಳು ಊರಿಗೆ ಆಪತ್ಕಾಲದಲ್ಲಿ ಆಸರೆಯಾಗುವರು.